ನಲವತ್ತೆರಡನೆಯ ಜೋಡಿ ದೀಪ

ನಗರಸಭೆ ಕಚೇರಿ
ಬ್ರಾಂಟ್‌ವೆಲ್, ಮ್ಯಾಸಚೂಸೆಟ್ಸ್
14 ಫೆಬ್ರವರಿ 1978

ಮಿಸ್ ಓಡೀಲ್ ವಾಡ್ನೆ ಅವರಿಗೆ ವಂದನೆಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾನು ಇಲ್ಲಿ ಮೂವತ್ತು ವರ್ಷದಿಂದ ಗುಮಾಸ್ತ. ವಿಳಾಸ ಕೊಟ್ಟವರು ನಿಮ್ಮ ಹಳೆಯ ಚರ್ಚಿನ ಪಾದ್ರಿಗಳು. ಈ ವರ್ಷ ನಗರಸಭೆಗೆ ನೂರಿಪ್ಪತ್ತೈದು ತುಂಬುತ್ತದೆ, ಮೇಯರುಗಳ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಬೇರೆ ಯಾರಿಗೂ ಬೇಡವಾದ ಕೆಲಸ ನನ್ನ ಮೇಜು ಹುಡುಕಿಕೊಂಡು ಬರುವುದು ಹಳೆಯ ವಾಡಿಕೆ.

ಈಗಿನವರನ್ನು ಬಿಟ್ಟರೆ ಒಟ್ಟು ನಲವತ್ತೊಂದು ಮೇಯರುಗಳು. ಒಬ್ಬರು ಪ್ರಮಾಣವಚನದ ಊಟದಲ್ಲೇ ಚಿಪ್ಪುಮೀನು ಹೆಚ್ಚಾಗಿ ತೀರಿಕೊಂಡರು. ಇನ್ನೊಬ್ಬರು ತಮ್ಮ ಹಸುವನ್ನು ನಗರಸಭೆಯ ಹುಲ್ಲಿಗೆ ಬಿಟ್ಟು, ತಾವೇ ತಮಗೆ ದಂಡ ಹಾಕಿಕೊಂಡು, ಆಮೇಲೆ ತಾವೇ ಅದನ್ನು ಮನ್ನಾ ಮಾಡಿದರು. ಪುಸ್ತಕ ನಂಬುವುದಕ್ಕಿಂತ ಬೀದಿ ನಂಬುವುದು ಮೇಲೆಂದು ಮನೆಗಳನ್ನೇ ಎಣಿಸಲು ಹೊರಟೆ. ಹೊಸ ಮೇಯರ್ ಗೆದ್ದ ಮಾರನೇ ದಿನವೇ ಅವರ ಮೆಟ್ಟಿಲ ಎರಡೂ ಬದಿಗೆ ಎರಕದ ಕಂಬದ ದೀಪ ನೆಡುವ ನಮ್ಮೂರ ಪದ್ಧತಿ ನಿಮಗೆ ಗೊತ್ತೇ ಇದೆ; ಕಷ್ಟದಲ್ಲಿರುವವರಿಗೆ ಕತ್ತಲಲ್ಲೂ ಮೇಯರರ ಬಾಗಿಲು ಸಿಗಬೇಕು. ಅಧಿಕಾರ ಮುಗಿದರೂ ಆ ದೀಪ ಕೀಳುವುದಿಲ್ಲ. ಹಾಗಾಗಿ ನಲವತ್ತೊಂದು ಜೋಡಿ ಇರಬೇಕಿತ್ತು. ನಲವತ್ತೆರಡು ಸಿಕ್ಕವು. ಇಷ್ಟು ಹಿಮದಲ್ಲಿ, ಈ ಮಂಡಿ ಇಟ್ಟುಕೊಂಡು, ಮತ್ತೊಮ್ಮೆ ಸುತ್ತಿದೆ. ನಲವತ್ತೆರಡೇ.

ಹೆಚ್ಚಿನ ಜೋಡಿ ಇರುವುದು ಕಾಲುವೆ ಬೀದಿಯ ಎಂಬತ್ತೆಂಟನೇ ಮನೆಯ ಮುಂದೆ, ನಿಮ್ಮ ತಂದೆಯವರ ಕ್ಷೌರದಂಗಡಿ ಇದ್ದಲ್ಲಿ. ಈಗ ಅಲ್ಲಿ ಒಂದು ಪೋರ್ಚುಗೀಸ್ ಸಂಸಾರ ಇದೆ. ಮನೆಯಾಕೆ ಫುರ್ಟಾಡೋ ನನ್ನನ್ನು ಕಂಡದ್ದೇ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಗರಸಭೆಯೋರಾ? ಸರಿಯಾಗ್ ಬಂದ್ರಿ. ಹೋದ ವಾರ ಇಬ್ರು ಮುದುಕೀರು ಬಂದು ಬಾಗಿಲು ತಟ್ಟಿ, ನಮ್ ಬೀದಿ ಹಿಮ ಯಾವಾಗ ತೆಗಸ್ತೀಯಾ ಅಂತ ನನ್ನೇ ಬೈದ್ರು. ನಾನೇನ್ ಮೇಯರಾ?"

ದೀಪಗಳು ದಿನಾ ಸಂಜೆ ಹತ್ತುತ್ತವೆ. ಯಾಕೆ ಅಲ್ಲಿವೆ ಎಂದು ಇಲ್ಲಿ ಯಾರಿಗೂ ತಿಳಿಯದು. ನಿಮಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ.

ವಿಶ್ವಾಸಿ,
ಓರಿನ್ ಟ್ರಾಸ್ಕ್


ಟೂಸಾನ್, ಅರಿಝೋನಾ
24 ಫೆಬ್ರವರಿ 1978

ಶ್ರೀ ಟ್ರಾಸ್ಕ್ ಅವರಿಗೆ,

ಇದರಲ್ಲಿ ಒಗಟೇನೂ ಇಲ್ಲ. ನನ್ನಪ್ಪ ತೆಲೆಸ್ಫೋರ್ ವಾಡ್ನೆ ಮೇಯರ್ ಆಗಿದ್ದರು. 1925ರ ಡಿಸೆಂಬರ್ ಚುನಾವಣೆ, ಹದಿನಾಲ್ಕು ಮತಗಳ ಗೆಲುವು. ಕೆನಡಾದಿಂದ ಗಿರಣಿ ಕೆಲಸಕ್ಕೆ ಬಂದ ನಮ್ಮ ಫ್ರೆಂಚ್ ಮಂದಿಯಲ್ಲಿ ಮೊದಲನೆಯವರು. ನಿಮ್ಮ ಪಟ್ಟಿಯಲ್ಲಿ ಅವರ ಹೆಸರಿಲ್ಲದಿದ್ದರೆ ಪಟ್ಟಿ ತಪ್ಪು, ದೀಪ ತಪ್ಪಲ್ಲ. ತಿದ್ದಿಕೊಳ್ಳಿ.

ನನಗೆ ಅರವತ್ತೆರಡು. ಗಿರಣಿಯ ಹತ್ತಿ ಧೂಳು ಎದೆಯಲ್ಲಿ ಕೂತದ್ದರಿಂದ ಈ ಒಣ ಊರಿಗೆ ಬಂದೆ, ಸಮವಸ್ತ್ರ ಹೊಲಿದು ಬದುಕಿದೆ. ಇಲ್ಲಿ ಹಿಮವೂ ಇಲ್ಲ, ನನ್ನನ್ನು ಯಾರ ಮಗಳು ಎಂದು ಕೇಳುವವರೂ ಇಲ್ಲ.

ದೀಪ ಹತ್ತುತ್ತವೆ ಎಂದು ಬರೆದಿದ್ದೀರಿ. ನೀವೇ ಕಂಡದ್ದೋ, ಯಾರೋ ಹೇಳಿದ್ದೋ? ಎರಡೂ ಹತ್ತುತ್ತವೆಯೇ?

ಓ. ವಾಡ್ನೆ


ಬ್ರಾಂಟ್‌ವೆಲ್
8 ಮಾರ್ಚ್ 1978

ಮಿಸ್ ವಾಡ್ನೆ ಅವರಿಗೆ,

ನಿಮ್ಮ ಪತ್ರ ಬಂದ ಸಂಜೆಯೇ ಹೋಗಿ ನೋಡಿದೆ. ಎರಡೂ ಹತ್ತುತ್ತವೆ. ಎಡಗಡೆಯದು ಹತ್ತುವಾಗ ಸ್ವಲ್ಪ ಹೊತ್ತು ಮಿಟುಕಿ, ಆಮೇಲೆ ನೆಟ್ಟಗಾಗುತ್ತದೆ.

1925ರ ಕಾಗದಗಳು ನೆಲಮಾಳಿಗೆಯಲ್ಲಿ ನೀರು ಕುಡಿದು ಕೂತಿವೆ. ಒಣಗಿಸಿ ನೋಡಬೇಕು, ತಡವಾಗಬಹುದು.

ಒಂದು ವಿಷಯವನ್ನು ಮಾತ್ರ ಈಗಲೇ ಹೇಳಬೇಕು. ಜನವರಿಯಲ್ಲಿ ನಮಗೆ ಹೊಸ ಮೇಯರ್ ಬಂದಿದ್ದಾರೆ, ಶ್ರೀಮತಿ ಪೆಟಿಗ್ರೂ. ಅವರ ಬಾಗಿಲಿಗೆ ಇನ್ನೂ ದೀಪವಿಲ್ಲ, ಕಂಬ ಎರೆಯುತ್ತಿದ್ದ ಕುಲುಮೆ ಮುಚ್ಚಿಹೋಗಿದೆ. ಯಜಮಾನರಿಲ್ಲದ ಒಂದು ಜೋಡಿ ಕಾಲುವೆ ಬೀದಿಯಲ್ಲಿದೆ ಎಂದು ಬೀದಿದೀಪದ ಇಲಾಖೆಯ ಕಿವಿಗೆ ಬಿದ್ದಿದೆ. ಯಾರು ಹೇಳಿದರೆಂದು ಕೇಳಬೇಡಿ. ನಾನೇ, ಊಟದ ಹೊತ್ತಿನಲ್ಲಿ, ಬಾಯಿ ತಡೆಯದೆ. ಹಿಮ ಕರಗಿ ನೆಲ ಸಡಿಲವಾದ ಮೇಲೆ ಕಿತ್ತುಕೊಳ್ಳಬೇಕೆಂದಿದ್ದಾರೆ. ಮೇ ಒಂಬತ್ತಕ್ಕೆ ಸಭೆ. ವಾಡ್ನೆ ಮೇಯರ್ ಆಗಿದ್ದರೇ ಇಲ್ಲವೇ ಎಂದು ನಾನು ವರದಿ ಕೊಡಬೇಕು. ಆಗಿದ್ದರೆ ಕಂಬ ಮುಟ್ಟುವಂತಿಲ್ಲ.

ಓರಿನ್ ಟ್ರಾಸ್ಕ್


ಟೂಸಾನ್
17 ಮಾರ್ಚ್ 1978

ಟ್ರಾಸ್ಕ್ ಅವರೇ,

ನಿಮ್ಮ ಪತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಕಾಗದ ಒಣಗಲು ಎಷ್ಟು ದಿನ ಬೇಕು? ಇಲ್ಲಿಗೆ ಕಳಿಸಿ, ಅರ್ಧ ಗಂಟೆಯಲ್ಲಿ ಹಪ್ಪಳ ಮಾಡಿಕೊಡುತ್ತೇನೆ.

ನನ್ನಪ್ಪ ಏನು ಮಾಡಿದರೆಂದು ನಿಮ್ಮ ಕಾಗದದಲ್ಲಿ ಇರುವುದಿಲ್ಲ, ಕೇಳಿ. ಗಿರಣಿ ಬಿಟ್ಟ ಮೇಲೆ ಶುರುವಾಗುತ್ತಿತ್ತು. ಬಟಾಣಿ ಸಾರು ತಟ್ಟೆಗೆ ಬಿದ್ದರೆ ಸಾಕು, ಬಾಗಿಲು ಸದ್ದು. ಓದು ಬರೆಹ ಬಾರದ ಮಂದಿ, ಎರಡು ದೀಪ ಕಂಡರೆ ಅದೇ ಮೇಯರ್ ಮನೆ ಎಂದಷ್ಟೇ ಗೊತ್ತಿದ್ದವರು. "ಮೆಸ್ಯೂ ವಾಡ್ನೆ, ನಲ್ಲೀಲಿ ನೀರ್ ಬರ್ತಿಲ್ಲ." "ಮೆಸ್ಯೂ ವಾಡ್ನೆ, ನನ್ ಗಂಡನ್ನ ಪೊಲೀಸ್ರು ಹಿಡ್ಕೊಂಡ್ ಹೋದ್ರು, ಕುಡಿದಿದ್ದ ನಿಜ, ಆದ್ರೆ ಜಾಸ್ತಿ ಏನಿಲ್ಲ." ಅಮ್ಮ ಗೊಣಗುತ್ತಿದ್ದಳು: "ಊರ್ ಉಸಾಬರಿ ಎಲ್ಲಾ ನಿಮ್ಗೇ. ಸಾರು ಮೂರ್ ಸಲ ಬಿಸಿ ಮಾಡ್ದೆ." ಅಪ್ಪ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಎದ್ದೇಬಿಡುತ್ತಿದ್ದರು. ಬೀದಿಗೆಲ್ಲ ಒಂದೇ ಟೆಲಿಫೋನು, ಅದೂ ನಮ್ಮ ಅಂಗಡಿಯಲ್ಲಿ. ಡಾಕ್ಟರನ್ನು ಕರೆಯುವುದೂ ಅಪ್ಪನೇ.

ಇದನ್ನು ಮೇಯರ್ ಕೆಲಸ ಅನ್ನದೆ ಇನ್ನೇನು ಅನ್ನುತ್ತೀರಿ? ಪಟ್ಟಿಯಲ್ಲಿ ಬರೆಯಿರಿ. ಕಂಬ ಉಳಿಸಿ.

ಓಡೀಲ್ ವಾಡ್ನೆ


ಬ್ರಾಂಟ್‌ವೆಲ್
30 ಮಾರ್ಚ್ 1978

ಮಿಸ್ ವಾಡ್ನೆ ಅವರಿಗೆ,

ಮೊದಲು ತಪ್ಪೊಪ್ಪಿಗೆ. ಕಾಗದ ಒದ್ದೆಯಾಗಿರಲಿಲ್ಲ. ಮಾರ್ಚ್ ಮೊದಲ ವಾರದಲ್ಲೇ ಓದಿದ್ದೆ. ನಿಮಗೆ ಹೇಳಲು ಬಾಯಿ ಬರಲಿಲ್ಲ.

ಹದಿನಾಲ್ಕು ಮತಗಳ ಗೆಲುವು ನಿಜ. ಮಾರನೇ ದಿನ ಎಂದಿನಂತೆ ದೀಪದವರು ಬಂದು ಕಂಬ ನೆಟ್ಟದ್ದೂ ನಿಜ. ಎಂಟು ದಿನದ ನಂತರ ಮರು ಎಣಿಕೆ ನಡೆಯಿತು. ನಿಮ್ಮ ತಂದೆಗೆ ಬಿದ್ದ ಇಪ್ಪತ್ತಮೂರು ಮತಪತ್ರಗಳ ಒಂದು ಕಟ್ಟನ್ನು ಎರಡು ಸಲ ಎಣಿಸಿದ್ದರು. ಎದುರಾಳಿ ಆಸಾ ಥಾರ್ನ್ ಒಂಬತ್ತು ಮತದಿಂದ ಗೆದ್ದರು. ಅಷ್ಟರಲ್ಲಿ ನೆಲ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು, ಕಂಬ ಅಲುಗಲಿಲ್ಲ. ಕೀಳುವುದನ್ನು ವಸಂತಕ್ಕೆ ಮುಂದೂಡಿದರು. ಏಪ್ರಿಲಿನಲ್ಲಿ ಇಲಾಖೆ ಕೇಳಿದಾಗ ಮೇಯರ್ ಥಾರ್ನ್ ಅದೇ ಹಾಳೆಯ ಅಂಚಿನಲ್ಲಿ ಬರೆದಿದ್ದಾರೆ: "ಇರಲಿ ಬಿಡಿ. ಆ ಕಡೆಯವರು ಗುಡ್ಡ ಹತ್ತಿ ನನ್ನ ಬಾಗಿಲಿಗೆ ಬರುವುದು ತಪ್ಪುತ್ತದೆ."

ನಿಮ್ಮ ತಂದೆ ಒಂದು ದಿನವೂ ಮೇಯರ್ ಆಗಿರಲಿಲ್ಲ. ಇಷ್ಟು ವರ್ಷ ಈ ಕೈಯಿಂದ ಸುಳ್ಳು ಬರೆದವನಲ್ಲ. ನಿಮಗಾಗಿ ಬರೆದರೆ ಏನಾದೀತು ಎಂದು ಎರಡು ಸಂಜೆ ಯೋಚಿಸಿದ್ದೂ ಹೌದು. ಆಗಲಿಲ್ಲ. ಕ್ಷಮಿಸಿ.

ಓರಿನ್ ಟ್ರಾಸ್ಕ್


ಬ್ರಾಂಟ್‌ವೆಲ್
24 ಏಪ್ರಿಲ್ 1978

ಮಿಸ್ ವಾಡ್ನೆ ಅವರಿಗೆ,

ಮೂರು ವಾರ ದಾಟಿತು, ನಿಮ್ಮಿಂದ ಪತ್ರವಿಲ್ಲ. ಬೈದಾದರೂ ಬರೆಯಿರಿ. ಹೆಂಡತಿ ತೀರಿಹೋದ ಮೇಲೆ ನನ್ನನ್ನು ಅಷ್ಟು ಚೆನ್ನಾಗಿ ಬೈಯುವವರು ಯಾರೂ ಇಲ್ಲ.

ಸಭೆಗೆ ಇನ್ನು ಹದಿನೈದು ದಿನ. ಹಿಮ ಕರಗಿದೆ. ದೀಪದ ಇಲಾಖೆಯವನೊಬ್ಬ ನಿಮ್ಮ ಮೆಟ್ಟಿಲ ಹತ್ತಿರ ಗುದ್ದಲಿಯಿಂದ ನೆಲ ಕುಟ್ಟಿ ನೋಡುತ್ತಿದ್ದ. ಫುರ್ಟಾಡೋ ಬಟ್ಟೆ ಒಗೆದ ನೀರನ್ನು ಅವನ ಬೂಟಿನ ಮೇಲೆ ಸುರಿದಳು. ಕೈ ಜಾರಿತಂತೆ.

ಓ. ಟ್ರಾಸ್ಕ್


ಟೂಸಾನ್
29 ಏಪ್ರಿಲ್ 1978

ಟ್ರಾಸ್ಕ್ ಅವರೇ,

ನಿಮ್ಮ ತಪ್ಪೊಪ್ಪಿಗೆಗೆ ನನ್ನದೂ ಒಂದು. ನನಗೆ ಗೊತ್ತಿತ್ತು. ಮರು ಎಣಿಕೆಯ ದಿನ ಒಂಬತ್ತು ವರ್ಷದ ನಾನು ಕಿಟಕಿಯಲ್ಲೇ ಇದ್ದೆ. ಅಪ್ಪ ಕೋಟು ತೂಗುಹಾಕಿ, "ಓಡೀಲ್, ದೀಪ ಕೀಳೋಕ್ ಬರ್ತಾರೆ. ಅಡ್ಡ ನಿಲ್ಬೇಡ" ಅಂದರು. ಯಾರೂ ಬರಲಿಲ್ಲ. ಬಾಗಿಲು ತಟ್ಟುವವರು ಮಾತ್ರ ಬಂದರು. ಮೇಯರ್ ಎಂದು ಬರೆದ ಕಾಗದವೊಂದು ಕಂಡರೆ ನಾನೂ ನಂಬಿಕೊಂಡು ಸಾಯಬಹುದು ಅಂದುಕೊಂಡಿದ್ದೆ. ಯಾಕೆಂದು ಹೇಳುತ್ತೇನೆ.

1935ರ ಜೂನ್. ನನಗೆ ಹತ್ತೊಂಬತ್ತು. ಗುಡ್ಡದ ಮೇಲಿನ ಮನೆಯ ಹುಡುಗನೊಬ್ಬನ ಜೊತೆ ಮದುವೆಯ ಮಾತು ನಡೆದಿತ್ತು. ಭಾನುವಾರದ ಊಟಕ್ಕೆ ಕರೆದು ಅವನ ತಾಯಿ ಎಲ್ಲರೆದುರು ಕೇಳಿದಳು: "ಓ, ಆ ದೀಪದ ಮೇಯರ್ ಮಗಳಾ? ನಿಮ್ಮಪ್ಪ ಯಾವೂರಿಗಮ್ಮಾ ಮೇಯರು?" ಹುಡುಗನೂ ನಕ್ಕ. ಮರುದಿನ ನಾನು ನೇರ ಅಂಗಡಿಗೆ ನುಗ್ಗಿದೆ. ಅಪ್ಪ ಒಬ್ಬರ ಮುಖಕ್ಕೆ ಸೋಪು ಹಚ್ಚಿ ಅರ್ಧ ಬೋಳಿಸಿದ್ದರು. ಎಲ್ಲರೂ ಕೇಳುವಂತೆ ಕೂಗಿದೆ: "ನಾಚ್ಕೆ ಆಗಲ್ವಾ ಪಪಾ? ಸೋತೋರು ಸೋತ ಹಾಗಿರ್ಬೇಕು. ಮೇಯರ್ ವೇಷ ಹಾಕ್ಕೊಂಡು ಊರಿಗೆ ಮೋಸ ಮಾಡ್ತಿದೀರಾ. ಆ ದೀಪ ತೆಗೆಸಿ, ಇಲ್ಲಾಂದ್ರೆ ನಾನಿರಲ್ಲ." ಅಪ್ಪ ಉಳಿದರ್ಧ ಮುಖ ಬೋಳಿಸಿ ಮುಗಿಸಿದರು.

ಮರುದಿನ ಸಂಜೆ ಕೆಲಸದಿಂದ ಬಂದಾಗ ಮನೆ ಮುಂದೆ ಕತ್ತಲೆ. ಎರಡೂ ದೀಪ ಆರಿದ್ದವು. ನನಗೆ ಗೆದ್ದೆ ಅನ್ನಿಸಬೇಕಿತ್ತು. ಅಪ್ಪನ ಮುಖ ನೋಡಲಾರದೆ ಬೆಳಿಗ್ಗೆಯ ರೈಲಿಗೆ ಚಿಕ್ಕಮ್ಮನ ಊರಿಗೆ ಹೋದೆ, ಅಲ್ಲಿಂದ ಇನ್ನೂ ದೂರ. ಕ್ರಿಸ್‌ಮಸ್ಸಿಗೆ ಕಾಗದ ಬರೆಯುತ್ತಿದ್ದೆವು, ದೀಪದ ಸುದ್ದಿ ಇಬ್ಬರೂ ಎತ್ತಲಿಲ್ಲ. ನಲವತ್ತೇಳರಲ್ಲಿ ಅವರನ್ನು ಮಣ್ಣು ಮಾಡಲು ಬಂದೆ, ಹಗಲು ಬಂದು ಹಗಲೇ ಹೋದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನದು ಹೋಗಲಿಲ್ಲ, ನನ್ನ ಜೊತೆಗೇ ಇದೆ.

ಒಂದೇ ಪ್ರಶ್ನೆ. ಅಪ್ಪ ಆ ಜನರ ಪರವಾಗಿ ನಗರಸಭೆಗೆ ಬರೆಯುತ್ತಿದ್ದರು. ಕೆಳಗೆ ಏನೆಂದು ಸಹಿ ಹಾಕುತ್ತಿದ್ದರು? ಮೇಯರ್ ಅಂತಲೇ? ಮೋಸಗಾರ ಅಂದಿದ್ದೆ. ಅದು ನಿಜವೋ ಸುಳ್ಳೋ, ತಿಳಿಯದೆ ಸಾಯಲಾರೆ.

ಓಡೀಲ್


ಬ್ರಾಂಟ್‌ವೆಲ್
5 ಮೇ 1978

ಪ್ರಿಯ ಓಡೀಲ್ ಅವರೇ,

ಹಳೆಯ ದೂರುಗಳ ಪೆಟ್ಟಿಗೆಗಳು ಅಟ್ಟದ ಮೇಲಿದ್ದವು. ಎರಡು ದಿನ ಹತ್ತಿ ಇಳಿದೆ. ನಿಮ್ಮ ತಂದೆಯವರ ಆರುನೂರ ಹನ್ನೊಂದು ಪತ್ರಗಳು ಸಿಕ್ಕಿವೆ. ಒಂದೊಂದರ ಸಹಿಯನ್ನೂ ನೋಡಿದ್ದೇನೆ. ಎಲ್ಲದರಲ್ಲೂ "ತೆ. ವಾಡ್ನೆ, ಕ್ಷೌರಿಕ." ಒಮ್ಮೆ ಇಲ್ಲಿನ ಯಾವನೋ ಚೇಷ್ಟೆಯ ಗುಮಾಸ್ತ "ಮಾನ್ಯ ಮೇಯರರೇ" ಎಂದು ಉತ್ತರಿಸಿದನಂತೆ. ಅಂದಿನಿಂದ ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿದೆ: "ಮೇಯರ್ ಅಲ್ಲ."

ಮೋಸಗಾರರು ಹೀಗೆ ಬರೆಯುವುದಿಲ್ಲ, ಓಡೀಲ್. ನೀವು ಅಂದದ್ದು ಸುಳ್ಳು.

ಕೆಲವು ಸಾಲುಗಳನ್ನು ನಿಮಗಾಗಿ ಬರೆದುಕೊಂಡೆ. "ನಮ್ಮ ಬೀದಿಯ ನಲ್ಲಿಯಲ್ಲಿ ನೀರಿಗಿಂತ ಕಪ್ಪೆಮರಿ ಹೆಚ್ಚು ಬರುತ್ತಿದೆ. ಒಂದನ್ನು ಲಕೋಟೆಯಲ್ಲಿ ಕಳಿಸಬಹುದಿತ್ತು, ಹೆಂಡತಿ ಬೇಡವೆಂದಳು." ಇನ್ನೊಂದು: "ವಿಧವೆ ಬೋಶೆಮಿನ್ ಅವರ ಮಗನನ್ನು ನಿಮ್ಮ ಜನನ ಪುಸ್ತಕದಲ್ಲಿ ಹುಡುಗಿ ಎಂದು ಬರೆದಿದ್ದೀರಿ. ಅವನಿಗೆ ಈಗ ಮೀಸೆ ಬಂದಿದೆ. ನಾನೇ ಬೋಳಿಸುತ್ತೇನೆ, ನಾನೇ ಸಾಕ್ಷಿ." ಅಟ್ಟದಲ್ಲಿ ಒಬ್ಬನೇ ಕೂತು ನಕ್ಕೆ.

ಪತ್ರಗಳು 1926ರಿಂದ ಅವರ ಕೊನೆಯ ವಾರದವರೆಗೂ ಇವೆ. 1935ರ ಮೂರು ದಿನದ ಒಂದು ಸಣ್ಣ ವಿಷಯ ಬಿಟ್ಟರೆ ಬೇರೆ ಹೇಳುವಂಥದ್ದೇನಿಲ್ಲ.

ಮಂಗಳವಾರ ಸಭೆ. ಪಟ್ಟಿಗೆ ಹೆಸರು ಸೇರಿಸುವುದಿಲ್ಲ. ಈ ಪೆಟ್ಟಿಗೆಗಳನ್ನೇ ಹೊತ್ತುಕೊಂಡು ಹೋಗುತ್ತೇನೆ.

ಓರಿನ್


ಟೂಸಾನ್
12 ಮೇ 1978

ಓರಿನ್ ಅವರೇ,

"ಮೇಯರ್ ಅಲ್ಲ" ಎಂಬ ಎರಡು ಮಾತನ್ನು ಎಷ್ಟು ಸಲ ಓದಿದೆನೋ. ಪಕ್ಕದ ಮನೆಯ ಲುಪೆ ಬಂದು, "ಯಾಕ್ ಅಳ್ತಿದೀಯಾ, ಯಾರಾದ್ರೂ ಸತ್ರಾ?" ಅಂದಳು. ಇಲ್ಲ, ನಮ್ಮಪ್ಪ ಸಿಕ್ಕರು ಅಂದೆ. ಆ ಸಾಲನ್ನು ಪುಸ್ತಕದಲ್ಲಿ ಹಾಕದಿದ್ದರೂ ಪರವಾಗಿಲ್ಲ. ಪಟ್ಟಿಗಂತೂ ಸೇರಿಸಬೇಡಿ. ಅವರೇ ಆರುನೂರು ಸಲ ಬೇಡವೆಂದಿದ್ದಾರೆ.

ಆದರೆ ನೀವು ಸುಳ್ಳು ಹೇಳುವುದರಲ್ಲಿ ಬಲು ಕಚ್ಚಾ ಮನುಷ್ಯ. ಒದ್ದೆ ಕಾಗದದ ಕಥೆಯೂ ಹೀಗೇ ವಾಸನೆ ಹೊಡೆಯುತ್ತಿತ್ತು. ಆ ಮೂರು ದಿನ ಯಾವುವು? ಜೂನ್ ತಿಂಗಳೇ?

ಓಡೀಲ್


ಬ್ರಾಂಟ್‌ವೆಲ್
18 ಮೇ 1978

ಪ್ರಿಯ ಓಡೀಲ್,

ಮೊದಲು ಒಳ್ಳೆಯ ಸುದ್ದಿ. ಸಭೆಯಲ್ಲಿ ಕಪ್ಪೆಮರಿಯ ಪತ್ರ ಓದಿದೆ. ಒಂಬತ್ತು ಸದಸ್ಯರೂ ನಕ್ಕರು, ಆಮೇಲೆ ಎರಡು ಗಂಟೆ ಜಗಳವಾಡಿದರು. ಕೊನೆಗೆ ಶ್ರೀಮತಿ ಪೆಟಿಗ್ರೂ ಎದ್ದು, "ನಮ್ಮನೆ ಜಗುಲೀಲಿ ಒಂದು ಬಲ್ಬ್ ಇದೆ. ಜನಕ್ಕೆ ನನ್ನ ಬಾಗಿಲು ಸಿಗದೇ ಇದ್ರೆ ಆಗ ನೋಡೋಣ" ಅಂದರು. ತೀರ್ಮಾನವನ್ನು ಮುಂದೂಡಲಾಗಿದೆ. ನಮ್ಮೂರಲ್ಲಿ ಮುಂದೂಡಿದ ಮಾತು ಎಂದರೆ ಮುಗಿದ ಮಾತು. ಕಂಬಗಳು ಅಲ್ಲೇ ಇರುತ್ತವೆ.

ಇನ್ನು ಆ ಮೂರು ದಿನ. ಹೌದು, ಜೂನ್. ಎರಡು ಪತ್ರಗಳಿವೆ, ಎರಡನ್ನೂ ಪ್ರತಿ ಮಾಡಿದ್ದೇನೆ.

"11 ಜೂನ್ 1935. ಬೀದಿದೀಪದ ಇಲಾಖೆಗೆ. ಎಂಬತ್ತೆಂಟನೇ ಮನೆಯ ಮುಂದಿನ ಎರಡು ದೀಪಗಳನ್ನು ಇಂದಿನಿಂದ ಆರಿಸಬೇಕಾಗಿ ಕೋರಿಕೆ. ಅವು ಮೇಯರರಿಗೆ ಸಲ್ಲುವಂಥವು. ನನ್ನ ಮಗಳು ಹೇಳಿದ್ದು ಸರಿಯಾಗಿದೆ. ತೆ. ವಾಡ್ನೆ, ಕ್ಷೌರಿಕ. ಮೇಯರ್ ಅಲ್ಲ."

"14 ಜೂನ್ 1935. ಬೀದಿದೀಪದ ಇಲಾಖೆಗೆ. ದಯವಿಟ್ಟು ಈ ಸಂಜೆಯೇ ದೀಪ ಮತ್ತೆ ಹತ್ತಿಸಿ. ನಿನ್ನೆ ಸಂಜೆ ಮದಾಂ ಕ್ರೇಪೋ, ಬೀದಿಗೆ ಹೊಸಬರು, ಉಸಿರು ಕಟ್ಟಿದ ಮಗುವನ್ನು ಎತ್ತಿಕೊಂಡು ಡಾಕ್ಟರರಿಗೆ ಫೋನು ಮಾಡಿಸಲು ಬಂದರು. ಎರಡು ದೀಪದ ಮನೆ ಎಂದು ಯಾರೋ ಹೇಳಿದ್ದರಂತೆ. ನನ್ನ ಬಾಗಿಲನ್ನು ಎರಡು ಸಲ ದಾಟಿ ಕಾಲುವೆಯ ತನಕ ಹೋಗಿದ್ದಾರೆ. ಅರ್ಧ ಗಂಟೆ ಕಳೆದುಹೋಯಿತು. ಡಾಕ್ಟರರು ಏನೂ ಹೇಳಲಾಗದು ಎಂದಿದ್ದಾರೆ. ಜನ ನನ್ನನ್ನು ಏನೆಂದು ಕರೆದರೂ ಸರಿ. ತೆ. ವಾಡ್ನೆ, ಕ್ಷೌರಿಕ. ಮೇಯರ್ ಅಲ್ಲ."

ಅಂದು ಸಂಜೆಯೇ ಹತ್ತಿಸಿದ ಗುರುತು ಹಾಳೆಯ ಮೇಲಿದೆ.

ಇವನ್ನು ನಿಮ್ಮಿಂದ ಬಚ್ಚಿಡಬೇಕೆಂದಿದ್ದೆ. ಮರಣಗಳ ಪುಸ್ತಕ ನನ್ನ ಮೇಜಿನಿಂದ ಎಂಟು ಹೆಜ್ಜೆ ದೂರದಲ್ಲಿದೆ. ತೆಗೆದು ನೋಡುವ ಧೈರ್ಯ ನನಗೂ ಬಂದಿಲ್ಲ.

ಓರಿನ್


ಟೂಸಾನ್
24 ಮೇ 1978

ಓರಿನ್,

ಅಪ್ಪ ನನ್ನ ಮಾತಿಗೆ ದೀಪವನ್ನು ಎಂದೆಂದಿಗೂ ಆರಿಸಿಬಿಟ್ಟರು ಎಂದು ನಲವತ್ತಮೂರು ವರ್ಷ ಅಂದುಕೊಂಡಿದ್ದೆ. ಮೂರು ದಿನ. ನಾನು ಇನ್ನೆರಡು ದಿನ ಕಾದಿದ್ದರೆ ಹತ್ತಿದ್ದನ್ನು ಕಾಣುತ್ತಿದ್ದೆ. ಅಪ್ಪ ಮತ್ತೆ ಹತ್ತಿಸಿದರಲ್ಲ ಎಂದು ಎದೆ ತುಂಬಿತು.

ಆದರೆ ಆ ಅರ್ಧ ಗಂಟೆ ಅಪ್ಪನದಲ್ಲ. ನನ್ನದು. ಮಗುವಿಗೆ ಏನಾಯಿತು? ಪುಸ್ತಕ ತೆಗೆಯಿರಿ. ಏನಿದ್ದರೂ ಬರೆಯಿರಿ. ಕಾಗದ ಒದ್ದೆಯಾಗಿದೆ ಅನ್ನಬೇಡಿ.

ಓಡೀಲ್


ಬ್ರಾಂಟ್‌ವೆಲ್
31 ಮೇ 1978

ಪ್ರಿಯ ಓಡೀಲ್,

ನಿಮ್ಮ ಪತ್ರ ಬೆಳಿಗ್ಗೆ ಬಂತು. ಟೋಪಿಯನ್ನೂ ತೆಗೆಯದೆ ಆ ಎಂಟು ಹೆಜ್ಜೆ ನಡೆದೆ.

1935ರ ಜೂನ್‌ನ ಮರಣಗಳಲ್ಲಿ ಕ್ರೇಪೋ ಎಂಬ ಹೆಸರಿಲ್ಲ. ಜುಲೈನಲ್ಲಿ ಇಲ್ಲ. ಆ ವರ್ಷ ಪೂರ್ತಿ ಓದಿದೆ, ಮುಂದಿನ ವರ್ಷವನ್ನೂ ಓದಿದೆ, ಬೆರಳಿಟ್ಟು, ಒಂದೊಂದೇ ಸಾಲು. ಇಲ್ಲ. ಆಮೇಲೆ ಮದುವೆಗಳ ಪುಸ್ತಕ ತೆಗೆದೆ. 1955ರಲ್ಲಿ ಇದ್ದಳು: ಜೆರ್ಮೇನ್ ಕ್ರೇಪೋ, ವಯಸ್ಸು ಇಪ್ಪತ್ತೆರಡು, ಕಾಲುವೆ ಬೀದಿ. ಆ ಹೆಸರಿನ ಸಂಸಾರ ಆ ಬೀದಿಯಲ್ಲಿ ಅದೊಂದೇ.

ಬೇರೆ ಗುಮಾಸ್ತನಾದರೆ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದ. ನಾನು ಅವಳಿಗೆ ಫೋನು ತಿರುಗಿಸಿದೆ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸವಂತೆ, ಹಿಂದೆ ಪಾತ್ರೆಗಳ ಸದ್ದು. ಗಟ್ಟಿ ಧ್ವನಿಯ ಹೆಂಗಸು, ಒಳ್ಳೆಯ ಉಸಿರು. ಎರಡು ವರ್ಷದವಳಿದ್ದಾಗ ಹೀಗಾಗಿತ್ತಲ್ಲ, ಅಮ್ಮ ಎತ್ತಿಕೊಂಡು ಓಡಿದ್ದರಲ್ಲ ಎಂದು ಕೇಳಿದೆ. ಅವಳಿಗೆ ಏನೂ ಗೊತ್ತಿಲ್ಲ. ತಾಯಿ ಒಂದು ದಿನವೂ ಆ ಮಾತು ಎತ್ತಿರಲಿಲ್ಲವಂತೆ.

"ಹೌದಾ? ನಂಗೇನಾಗಿತ್ತು?" ಎಂದು ನನ್ನನ್ನೇ ಕೇಳಿದಳು.

ಸ್ವಲ್ಪ ಕೆಮ್ಮಿತ್ತಂತೆ, ಅಷ್ಟೇ ಎಂದೆ.

ನಿಮ್ಮ,
ಓರಿನ್